74 ವರ್ಷ, ಹಳೆಯ ಸ್ತನ ಕ್ಯಾನ್ಸರ್, ಈಗ ಮಹಾಪಧಮನಿ ವಾಲ್ವ್ ಕಿರಿದಾಗಿದೆ: ಎದೆ ತೆರೆಯುವುದೋ, ಟಾವಿಯೋ?

ಮೂಡಿಗೆರೆ ಕ್ಲಿನಿಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 74 ವರ್ಷದ ಹೆಂಗಸು, ತೂಕ 52 ಕೆ.ಜಿ. 2007ರಲ್ಲಿ ಎಡ ಸ್ತನದ ಕ್ಯಾನ್ಸರ್ ಆಗಿ ಸ್ತನ ತೆಗೆದಿದ್ದಾರೆ. ಅಡ್ರಿಯಾಮೈಸಿನ್ ಸೇರಿದ ಕೀಮೋ ನಾಲ್ಕು ಸಲ, ನಂತರ ಎದೆಗೆ ಐದು ವಾರ ಕರೆಂಟ್ (ವಿಕಿರಣ ಚಿಕಿತ್ಸೆ), ಐದು ವರ್ಷ ಟಮಾಕ್ಸಿಫೆನ್ ಮಾತ್ರೆ. ಅಲ್ಲಿಂದ ಈಚೆಗೆ ಕಾಯಿಲೆ ಮರುಕಳಿಸಿಲ್ಲ.

ನಾಲ್ಕು ತಿಂಗಳಿಂದ ತೋಟದ ದಿಣ್ಣೆ ಹತ್ತಿದರೆ ಏದುಸಿರು. ಎರಡು ಸಲ ಕಣ್ಣು ಕತ್ತಲೆ ಬಂದು ಕುಸಿದು ಕೂತಿದ್ದಾರೆ. ಚಿಕ್ಕಮಗಳೂರಿನಲ್ಲಿ ಮಾಡಿಸಿದ ಎಕೋ: ಮಹಾಪಧಮನಿ ವಾಲ್ವಿನಲ್ಲಿ ರಕ್ತದ ವೇಗ ಸೆಕೆಂಡಿಗೆ 4.4 ಮೀಟರ್, ಸರಾಸರಿ ಗ್ರೇಡಿಯೆಂಟ್ (ವಾಲ್ವಿನ ಎರಡು ಬದಿಯ ಒತ್ತಡದ ಅಂತರ) 46, ವಾಲ್ವಿನ ವಿಸ್ತೀರ್ಣ 0.7 ಚದರ ಸೆಂ.ಮೀ., ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 48%. ಹಿಮೋಗ್ಲೋಬಿನ್ 9.2, ಕ್ರಿಯಾಟಿನಿನ್ 1.3. ಇಸಿಜಿಯಲ್ಲಿ ಬಲ ಬಂಡಲ್ ಬ್ಲಾಕ್ (ಹೃದಯದ ಬಲಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ).

ಮನೆಯವರಿಗೆ ಯಾರೋ "ಕ್ಯಾನ್ಸರ್ ಆದವರಿಗೆ ವಾಲ್ವ್ ಹಾಕಲ್ಲ, ಹಾಕಿದರೂ ದುಡ್ಡು ದಂಡ" ಅಂದುಬಿಟ್ಟಿದ್ದಾರೆ. ಅದು ಸರಿಯಲ್ಲ ಅಂತ ಗೊತ್ತು, ಆದರೆ ಅಂಕಿಅಂಶ ಇಟ್ಟುಕೊಂಡು ಹೇಳಬೇಕು. ಎದೆ ತೆರೆದು ಮಾಡುವುದೋ, ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ ಹೊಸ ವಾಲ್ವ್ ಕೂರಿಸುವ ಟಾವಿ ಮಾಡುವುದೋ? ಕಳಿಸುವ ಮುಂಚೆ ಇಲ್ಲಿಯೇ ಏನೇನು ಮುಗಿಸಬಹುದು?

ಎಕೋ ಕೋಣೆ

ಡಾಕ್ಟ್ರೇ, ಇವರನ್ನು "ಕ್ಯಾನ್ಸರ್ ರೋಗಿ" ಅಂತ ಚೀಟಿಯಲ್ಲಿ ಬರೆಯುವುದನ್ನೇ ಮೊದಲು ಬಿಡಿ. ಹದಿನೆಂಟು ವರ್ಷ ಸುಮ್ಮನಿರುವ ಕಾಯಿಲೆ ಇವರ ಆಯಸ್ಸನ್ನು ಅಳೆಯುವುದಿಲ್ಲ. 0.7 ಚದರ ಸೆಂ.ಮೀ. ವಾಲ್ವ್ ಅಳೆಯುತ್ತದೆ. ವೇಗ 4 ದಾಟಿದೆ, ಗ್ರೇಡಿಯೆಂಟ್ 40 ದಾಟಿದೆ, ತಲೆ ಸುತ್ತಿ ಕುಸಿದಿದ್ದಾರೆ. ಲಕ್ಷಣ ಏನೂ ಇಲ್ಲದಿದ್ದರೂ ಇಎಫ್ 50ಕ್ಕಿಂತ ಕೆಳಗಿದೆ ಅನ್ನುವ ಒಂದೇ ಕಾರಣಕ್ಕೆ ವಾಲ್ವ್ ಬದಲಿಸಬೇಕಾದ ಹಂತ ಇದು.

ಮನೆಯವರಿಗೆ ಹೇಳಲು ಅಂಕಿ: ಶಸ್ತ್ರಚಿಕಿತ್ಸೆ ಮಾಡಲಾಗದ ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಬರೀ ಮಾತ್ರೆಯ ಮೇಲಿದ್ದವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 50.7%, ಟಾವಿ ಮಾಡಿಸಿಕೊಂಡವರಲ್ಲಿ 30.7%. ಅವರೆಲ್ಲ ನಿಮ್ಮ ರೋಗಿಗಿಂತ ಹೆಚ್ಚು ವಯಸ್ಸಾದ, ಹೆಚ್ಚು ಸುಸ್ತಾದವರು. ಇನ್ನೊಂದು, 2019ರ ಟಾಪ್-ಎಎಸ್ ದಾಖಲಾತಿ. ಅದರಲ್ಲಿ ಕ್ಯಾನ್ಸರ್ ಆಗ ಚಾಲ್ತಿಯಲ್ಲಿದ್ದ 222 ಜನರಿಗೆ ಟಾವಿ ಆಗಿತ್ತು. ಮೊದಲ 30 ದಿನದ ಸಾವು ಕ್ಯಾನ್ಸರ್ ಇಲ್ಲದವರಷ್ಟೇ. ಒಂದು ವರ್ಷಕ್ಕೆ 15% ಮತ್ತು 9%, ಆ ಸಾವುಗಳಲ್ಲಿ ಅರ್ಧ ಕ್ಯಾನ್ಸರಿನಿಂದಲೇ. ಒಂದನೇ, ಎರಡನೇ ಹಂತದವರ ಫಲಿತಾಂಶ ಕ್ಯಾನ್ಸರ್ ಇಲ್ಲದವರ ಹತ್ತಿರಕ್ಕೇ ಇತ್ತು. ಅಂದರೆ ವಾಲ್ವ್ ಹಾಕುವ ಕೆಲಸ ಕೈಕೊಡುವುದಿಲ್ಲ, ಕ್ಯಾನ್ಸರ್ ಮುಂದುವರಿದಿದ್ದರೆ ಅದು ತನ್ನ ಪಾಲು ತೆಗೆದುಕೊಳ್ಳುತ್ತದೆ. ಬೇರೆ ಕಾಯಿಲೆಯಿಂದ ವರ್ಷದೊಳಗೇ ಹೋಗುವ ಸ್ಥಿತಿ ಇದ್ದರೆ ಮಾತ್ರ ವಾಲ್ವ್ ಬೇಡ ಅನ್ನುತ್ತಾರೆ. ನಿಮ್ಮವರು ಆ ಸಾಲಿನಲ್ಲಿ ಇಲ್ಲ.

ಇವರ ವಿಷಯದಲ್ಲಿ ನೋಡಬೇಕಾದ್ದು ಕ್ಯಾನ್ಸರನ್ನಲ್ಲ, ಅದರ ಚಿಕಿತ್ಸೆ ಎದೆಯೊಳಗೆ ಬಿಟ್ಟುಹೋದದ್ದನ್ನು.

ಎಡ ಎದೆಗೆ ಐದು ವಾರ ಕರೆಂಟ್ ಅಂದರೆ ಆ ಕಾಲದ ಲೆಕ್ಕದಲ್ಲಿ ಸುಮಾರು 25 ಸಲ, 50 ಗ್ರೇ (ವಿಕಿರಣದ ಅಳತೆ). ಹತ್ತಿಪ್ಪತ್ತು ವರ್ಷದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಮಹಾಪಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿ ಪಿಂಗಾಣಿ ಬಟ್ಟಲಿನ ಹಾಗೆ ಆಗಿರಬಹುದು. ಹಾಗಿದ್ದರೆ ಸರ್ಜನ್‌ಗೆ ಕ್ಲ್ಯಾಂಪ್ ಹಾಕಲು ಜಾಗವಿಲ್ಲ, ಹಾಕಿದರೆ ಚೂರು ಎದ್ದು ಮೆದುಳಿಗೆ ಹೋಗುತ್ತದೆ. ಹೃದಯದ ರಕ್ತನಾಳಗಳ ಬಾಯಲ್ಲೇ ಕಿರಿದಾಗಿರಬಹುದು. ಮೈಟ್ರಲ್ ಮತ್ತು ಮಹಾಪಧಮನಿ ವಾಲ್ವ್‌ಗಳ ನಡುವಿನ ಪರದೆ ದಪ್ಪಗಾಗಿರಬಹುದು, ಎಕೋ ಮತ್ತೆ ಮಾಡುವವರಿಗೆ ಇದನ್ನು ಹೆಸರಿಟ್ಟು ಕೇಳಿ, ಕರೆಂಟಿನ ಹಾನಿಗೆ ಅದು ಒಳ್ಳೆಯ ಗುರುತು. ಹೃದಯದ ಹೊರಪೊರೆ ಪೆರಿಕಾರ್ಡಿಯಂ ಬಿಗಿದುಕೊಂಡಿದ್ದರೆ ವಾಲ್ವ್ ಎಷ್ಟೇ ಚೆನ್ನಾಗಿ ಕೂತರೂ ಕಾಲಿನ ಊತ ಇಳಿಯುವುದಿಲ್ಲ. ಆಮೇಲೆ ಎಲ್ಲರೂ ವಾಲ್ವನ್ನು ಬೈಯುತ್ತಾರೆ. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ನಾರುಗಟ್ಟಿದ್ದರೆ ಏದುಸಿರಿನ ಒಂದು ಪಾಲು ಅದರದ್ದೇ, ಅದಕ್ಕೆ ಸ್ಪೈರೋಮೆಟ್ರಿ (ಉಸಿರಿನ ಪರೀಕ್ಷೆ) ಮಾಡಿಸಿ. ನೀವು ಹೇಳಿದ ಬಲ ಬಂಡಲ್ ಬ್ಲಾಕ್ ಕೂಡ ಈ ಪಟ್ಟಿಗೇ ಸೇರಿರಬಹುದು.

ಇಎಫ್ 48 ಏಕೆ ಅನ್ನುವುದು ಇನ್ನೊಂದು ಪ್ರಶ್ನೆ. ಕಿರಿದಾದ ವಾಲ್ವಿನ ವಿರುದ್ಧ ತಳ್ಳಿ ದಣಿದದ್ದಾದರೆ ವಾಲ್ವ್ ಬದಲಾದ ಮೇಲೆ ಏರುತ್ತದೆ. ಅಡ್ರಿಯಾಮೈಸಿನ್ ಕಾರಣವಾಗಿದ್ದರೆ ಪೂರ್ತಿ ಏರುವುದಿಲ್ಲ. ಪ್ರತಿ ಸಲಕ್ಕೆ ಚದರ ಮೀಟರಿಗೆ 60 ಮಿ.ಗ್ರಾಂ ಅಂತ ಹಿಡಿದರೆ ನಾಲ್ಕು ಸಲಕ್ಕೆ 240. 400 ದಾಟಿದರೆ ಆಗುವಷ್ಟು ಹೆದರಿಕೆ ಇಲ್ಲ, ಆದರೆ ಎಡ ಎದೆಗೆ ಕರೆಂಟೂ ಸೇರಿದೆಯಲ್ಲ. ಹಳೆಯ ಕೀಮೋ ಚೀಟಿ ಮನೆಯ ಟ್ರಂಕಿನಲ್ಲಿ ಸಿಕ್ಕರೆ ಅದು ಚಿನ್ನ.

ತೆರೆದದ್ದೋ ಟಾವಿಯೋ ಎಂಬುದಕ್ಕೆ ನನ್ನ ಒಲವು ಟಾವಿ ಕಡೆ. ಕರೆಂಟಿನಿಂದ ವಾಲ್ವ್ ಕೆಟ್ಟು ಸರ್ಜರಿ ಅಪಾಯ ಮಧ್ಯಮ ಮಟ್ಟದ್ದಾಗಿದ್ದರೆ ಟಾವಿ ಪರಿಗಣಿಸಿ ಎಂದು ಯುರೋಪಿನ 2022ರ ಕಾರ್ಡಿಯೋ-ಆಂಕಾಲಜಿ ಮಾರ್ಗಸೂಚಿಯೂ ಹೇಳುತ್ತದೆ. ಎಸ್‌ಟಿಎಸ್ ಅಂಕ (ಸರ್ಜರಿ ಅಪಾಯದ ಲೆಕ್ಕ) ಕಡಿಮೆ ಬಂತು ಅಂತ ನಂಬಿ ಕೂರಬೇಡಿ, ಸುಟ್ಟ ಎದೆಯ ಪೂರ್ತಿ ಕಷ್ಟವನ್ನು ಅದು ಹಿಡಿಯುವುದಿಲ್ಲ. ಸಿಟಿ ನೋಡದೆ ಕೊನೆಯ ಮಾತು ಹೇಳಲು ಆಗದು.

ಹೇಮಾವತಿ ದಂಡೆ

ಮೇಲಿನವರ ಮಾತಿಗೆ ಒಂದು ತಕರಾರು. ಟಾವಿ ಟಾವಿ ಅಂತ ಮೊದಲೇ ಮನೆಯವರ ತಲೆಯಲ್ಲಿ ತುಂಬಬೇಡಿ. ವಾಲ್ವ್ ಎರಡೇ ಎಸಳಿನದ್ದಾಗಿ ಅಡ್ಡಾದಿಡ್ಡಿ ಸುಣ್ಣ ಕಟ್ಟಿದ್ದರೆ, ಮೂರು ರಕ್ತನಾಳಕ್ಕೂ ಬೈಪಾಸ್ ಬೇಕಾದರೆ, ಮೈಟ್ರಲ್ ವಾಲ್ವೂ ಕೆಟ್ಟಿದ್ದರೆ, ತೊಡೆಯ ನಾಳ 5 ಮಿ.ಮೀ.ಗಿಂತ ಸಣ್ಣದಿದ್ದರೆ ಸರ್ಜನ್ ಹತ್ತಿರ ಮಾತಾಡಲೇಬೇಕು. ಆ ಸರ್ಜರಿಗೂ ಮುಂಚೆ ಕೇಳಬೇಕಾದ್ದಿದೆ: ಬೈಪಾಸಿಗೆ ಬಳಸುವ ಎಡ ಎದೆಗೋಡೆಯ ಅಪಧಮನಿ ಕರೆಂಟ್ ಬಿದ್ದ ಜಾಗದಲ್ಲೇ ಇದೆ, ಅದು ಬಳಕೆಗೆ ಬರುತ್ತದೆಯೇ? ಸ್ತನ ತೆಗೆದು ಸುಟ್ಟ ಚರ್ಮದ ಕೆಳಗೆ ಎದೆಮೂಳೆ ಕೂಡುವುದೂ ನಿಧಾನ, ಗಾಯ ಬಿರಿದರೆ ವಾರಗಟ್ಟಲೆ ಡ್ರೆಸಿಂಗ್.

ನಾನು ಬರೆಯಲು ಬಂದದ್ದು ಹಿಮೋಗ್ಲೋಬಿನ್ 9.2ರ ಬಗ್ಗೆ. ಇದನ್ನು ಎಲ್ಲರೂ "ವಯಸ್ಸಾಯ್ತು" ಅಂತ ದಾಟಿಹೋಗುತ್ತಾರೆ. ಬೇಡ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಬಿ12, ಎಂಸಿವಿ (ಕೆಂಪು ರಕ್ತಕಣದ ಗಾತ್ರ), ಪ್ಲೇಟ್‌ಲೆಟ್, ಮಲದಲ್ಲಿ ರಕ್ತ ಇವಿಷ್ಟು ಮೂಡಿಗೆರೆಯಲ್ಲೇ ತೆಗೆದು ಕಳಿಸಬಹುದು. ಕಾರಣ ನಾಲ್ಕು ದಿಕ್ಕಿನಿಂದ ಬರಬಹುದು. ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಕೊಕ್ಕೆಹುಳು. ಕರುಳಿನಲ್ಲಿ ಹೊಸ ಗೆಡ್ಡೆ. ಹಳೆಯ ಕೀಮೋದಿಂದ ಮಜ್ಜೆ ಕೆಟ್ಟಿರುವುದು, ಆಗ ಎಂಸಿವಿ ಏರಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ನಾಲ್ಕನೆಯದು ಹೈಡ್ ಸಿಂಡ್ರೋಮ್. ಕಿರಿದಾದ ವಾಲ್ವಿನಲ್ಲಿ ರಕ್ತ ನುಗ್ಗುವ ರಭಸಕ್ಕೆ ಫಾನ್ ವಿಲ್ಲೆಬ್ರಾಂಡ್ ಎಂಬ ಹೆಪ್ಪುಗಟ್ಟಿಸುವ ಪ್ರೊಟೀನ್ ತುಂಡಾಗುತ್ತದೆ, ಕರುಳಿನ ಸಣ್ಣ ನಾಳಗಳಿಂದ ರಕ್ತ ಜಿನುಗುತ್ತದೆ. ಇದಕ್ಕೆ ವಾಲ್ವ್ ಬದಲಾವಣೆಯೇ ಮದ್ದು.

ಕೊಲೊನೋಸ್ಕೋಪಿ ಬೇಕಾದರೆ ಹುಷಾರು. ಹೊಟ್ಟೆ ತೊಳೆಯುವ ಔಷಧಿ ಕುಡಿದು ರಾತ್ರಿಯೆಲ್ಲ ಭೇದಿಯಾಗಿ ನೀರಿನಂಶ ಇಳಿದರೆ ಇಂಥ ಹೃದಯದ ಬಿಪಿ ಕುಸಿಯುತ್ತದೆ. ಕ್ರಿಯಾಟಿನಿನ್ 1.3 ಅಂದರೆ ಈ ವಯಸ್ಸಿಗೆ ಇಜಿಎಫ್ಆರ್ (ಕಿಡ್ನಿ ಸೋಸುವ ಪ್ರಮಾಣ) ಸುಮಾರು 43, ಸೋಡಿಯಂ ಫಾಸ್ಫೇಟ್ ಇರುವ ಔಷಧಿ ಬೇಡವೇ ಬೇಡ. ಪಿಇಜಿ ಎಂಬ ಹೊಟ್ಟೆ ತೊಳೆಯುವ ದ್ರಾವಣವನ್ನು ಎರಡು ಪಾಲು ಮಾಡಿ, ದಾಖಲು ಮಾಡಿಕೊಂಡು ಕುಡಿಸಬೇಕು. ಕಬ್ಬಿಣಾಂಶ ಕಡಿಮೆ ಇದ್ದರೆ ಮಾತ್ರೆಗೆ ಕಾಯಲು ಸಮಯವಿಲ್ಲ, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 1000 ಮಿ.ಗ್ರಾಂ. ಸಲೈನ್‌ನಲ್ಲಿ ಬೆರೆಸಿ ಕನಿಷ್ಠ 15 ನಿಮಿಷದಲ್ಲಿ ಕೊಡುತ್ತಾರೆ. ವಾರಕ್ಕೆ ಅಷ್ಟೇ ಮಿತಿ. ರಕ್ತ ಏರಿಸುವುದಾದರೆ ಒಂದೇ ಯೂನಿಟ್, ನಿಧಾನ. ಗಡಿಬಿಡಿಯಲ್ಲಿ ಎರಡು ಏರಿಸಿದರೆ ರಾತ್ರಿ ಶ್ವಾಸಕೋಶದಲ್ಲಿ ನೀರು.

ಅಂದಹಾಗೆ, ಎದೆನೋವು ಅಂದ ತಕ್ಷಣ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಮಾತ್ರೆ) ಇಡುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಇವರಿಗೆ ಇಡಬೇಡಿ ಅಂತ ಚೀಟಿಯಲ್ಲೇ ದೊಡ್ಡದಾಗಿ ಬರೆದುಬಿಡಿ, ಬಿಪಿ ಬಿದ್ದು ಎಚ್ಚರ ತಪ್ಪುತ್ತಾರೆ. ಮೂತ್ರ ಹೆಚ್ಚಿಸುವ ಲಾಸಿಕ್ಸ್ ಕೂಡ ಕೈ ಬಿಗಿಹಿಡಿದು. ಎಡಗೈಯಲ್ಲಿ ಬಿಪಿ ನೋಡುವುದು, ಸೂಜಿ ಚುಚ್ಚುವುದು ಬೇಡ. ಕಂಕುಳ ಗಂಟು ತೆಗೆದ ಕೈ ಅದು.

ಬೇಲೂರು ರಸ್ತೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದರ ತಿರುಗುಮುರುಗು ಪ್ರಕರಣ ಹಾಸನದಲ್ಲಿದೆ. 68ರ ಗಂಡಸು, 2009ರಲ್ಲಿ ರುಮ್ಯಾಟಿಕ್ ಕಾಯಿಲೆಗೆ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್. ರಕ್ತ ತೆಳುಮಾಡುವ ಅಸಿಟ್ರೋಂ 2 ಮಿ.ಗ್ರಾಂ. ಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಸರಿಯಾಗಿಯೇ ಇತ್ತು. ಈಗ ದೊಡ್ಡ ಕರುಳಿನ ಕ್ಯಾನ್ಸರಿಗೆ ಕ್ಯಾಪೆಸಿಟಬಿನ್ ಮಾತ್ರೆ ಶುರುವಾಗಿ ಮೂರು ವಾರಕ್ಕೆ ಐಎನ್‌ಆರ್ 6.1. ಒಸಡಿನಲ್ಲಿ ರಕ್ತ. "ಟೆಸ್ಟ್ ಬೇಡದ ಹೊಸ ಮಾತ್ರೆಗೆ ಬದಲಾಯಿಸಿ" ಅಂತ ಮಗ ಕೇಳುತ್ತಿದ್ದಾರೆ.

ಔಷಧಿ ಚೀಟಿ

@ಬೇಲೂರು ರಸ್ತೆ: ಹೊಸ ಮಾತ್ರೆ ಲೋಹದ ವಾಲ್ವಿಗೆ ಆಗದು, ಇದರಲ್ಲಿ ಚೌಕಾಸಿ ಇಲ್ಲ. ಅಂಥ ಹೊಸ ಮಾತ್ರೆ ಡಬಿಗಟ್ರಾನ್ ಮೇಲೆ ನಡೆದ ರೀ-ಅಲೈನ್ ಅಧ್ಯಯನವನ್ನು ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾದ ಕಾರಣಕ್ಕೆ ನಡುವೆಯೇ ನಿಲ್ಲಿಸಿದರು, ವರದಿ ಬಂದದ್ದು 2013ರಲ್ಲಿ. ಅಪಿಕ್ಸಬಾನ್ ಪ್ರಯತ್ನವೂ 2022ರಲ್ಲಿ ಹಾಗೆಯೇ ನಿಂತಿತು. ಅದೂ ಮಹಾಪಧಮನಿ ಜಾಗದಲ್ಲಿ. ಮೈಟ್ರಲ್ ಜಾಗ ಇನ್ನೂ ಅಪಾಯ.

ಕ್ಯಾಪೆಸಿಟಬಿನ್ ಈ ಗುಂಪಿನ ರಕ್ತ ತೆಳುಮಾಡುವ ಮಾತ್ರೆಗಳನ್ನು ಯಕೃತ್ತು ಒಡೆಯದಂತೆ ತಡೆಯುತ್ತದೆ. ಶುರುವಾದ ಕೆಲವೇ ದಿನದಲ್ಲಿ ಐಎನ್‌ಆರ್ ಏರಬಹುದು, ಕ್ಯಾಪೆಸಿಟಬಿನ್ ನಿಲ್ಲಿಸಿ ಒಂದು ತಿಂಗಳವರೆಗೂ ಪರಿಣಾಮ ಉಳಿಯಬಹುದು. ಇವರ ಗುರಿ 2.5ರಿಂದ 3.5. ಈಗ 6.1 ಮತ್ತು ಒಸಡಿನ ರಕ್ತ ಅಂದರೆ ಇವತ್ತೇ ಆಸ್ಪತ್ರೆಗೆ. ವಿಟಮಿನ್ ಕೆ ಕೊಡುವುದೋ ಬೇಡವೋ, ಎಷ್ಟು ಅನ್ನುವುದನ್ನು ಅಲ್ಲಿ ನೋಡಿಕೊಳ್ಳಲಿ. ಮನೆಯಲ್ಲಿ ದೊಡ್ಡ ಇಂಜೆಕ್ಷನ್ ಹೊಡೆದರೆ ಐಎನ್‌ಆರ್ ಪೂರ್ತಿ ಮಲಗಿ ವಾಲ್ವ್ ಹೆಪ್ಪುಗಟ್ಟುತ್ತದೆ. ಮುಂದೆ ಕೀಮೋ ನಡೆಯುವಷ್ಟು ಕಾಲ ವಾರಕ್ಕೆ ಒಂದಾದರೂ, ಮೊದಲ ಸುತ್ತಿನಲ್ಲಿ ಎರಡು ಸಲ ಐಎನ್‌ಆರ್. ಏರಿಳಿತ ಹಿಡಿತಕ್ಕೆ ಸಿಗದಿದ್ದರೆ ಕೀಮೋ ಮುಗಿಯುವತನಕ ಎನಾಕ್ಸಪರಿನ್ ಚುಚ್ಚುಮದ್ದಿಗೆ ಹೋಗುವುದುಂಟು, ಕೆ.ಜಿ.ಗೆ 1 ಮಿ.ಗ್ರಾಂ. ಲೆಕ್ಕದಲ್ಲಿ 12 ಗಂಟೆಗೊಮ್ಮೆ, ಕಿಡ್ನಿ ಸರಿ ಇದ್ದರೆ. ಅದನ್ನು ಹೃದಯದವರೂ ಕ್ಯಾನ್ಸರಿನವರೂ ಕೂತು ಮಾತಾಡಿಯೇ ಮಾಡಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ಲೆಕ್ಕವೇ ಬೇರೆ.

ಸೊಪ್ಪಿನ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ನುಗ್ಗೆ, ಹರಿವೆ, ಬಸಳೆ ಬಿಡಬೇಕಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟೇ ತಿನ್ನಲಿ. ಕೀಮೋದಲ್ಲಿ ಬಾಯಿ ಹುಣ್ಣಾಗಿ ನಾಲ್ಕು ದಿನ ಬರೀ ಗಂಜಿ ಕುಡಿದರೆ ಆಗಲೂ ಐಎನ್‌ಆರ್ ಏರುತ್ತದೆ. ಬಾಯಿ ಹುಣ್ಣಿಗೆ ಕೊಡುವ ಫ್ಲುಕೋನಜೋಲ್, ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಇನ್ನಷ್ಟು ಏರಿಸುತ್ತವೆ.

@ಮೂಡಿಗೆರೆ ಕ್ಲಿನಿಕ್: ನಿಮ್ಮವರಿಗೆ ಇದೇ ಕಾರಣಕ್ಕೆ ಲೋಹದ ವಾಲ್ವ್ ಬೇಡ. 74ಕ್ಕೆ ಜೈವಿಕ ವಾಲ್ವ್ ಸಾಕು. ಟಾವಿ ಆದ ಮೇಲೆ ಬೇರೆ ಕಾರಣ ಇಲ್ಲದಿದ್ದರೆ ಆಸ್ಪಿರಿನ್ 75 ಒಂದೇ. ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಸೇರಿಸಿದರೆ ರಕ್ತಸ್ರಾವ ಹೆಚ್ಚು ಅಂತ 2020ರ ಪಾಪ್ಯುಲರ್ ಟಾವಿ ಅಧ್ಯಯನ ತೋರಿಸಿದೆ. ಹಿಮೋಗ್ಲೋಬಿನ್ 9 ಇರುವವರಿಗೆ ಇದು ಸಣ್ಣ ಮಾತಲ್ಲ. ಯಾವ ವಾಲ್ವೇ ಆಗಲಿ, ಹಲ್ಲು ಕೀಳುವ 30ರಿಂದ 60 ನಿಮಿಷ ಮುಂಚೆ ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500ರ ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ. ಅಲರ್ಜಿ ಇದ್ದರೆ ಅಜಿತ್ರೋಮೈಸಿನ್ 500. ಅಲ್ಲಾಡುವ ಹಲ್ಲಿದ್ದರೆ ವಾಲ್ವ್ ಹಾಕುವ ಮುಂಚೆಯೇ ಕೀಳಿಸಿ.

ರಸೀದಿ ಪುಸ್ತಕ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಖಾಸಗಿಯಲ್ಲಿ ಟಾವಿ ಹತ್ತು ಲಕ್ಷ ದಾಟುವುದು ಸಾಮಾನ್ಯ, ಅದರಲ್ಲಿ ದೊಡ್ಡ ಪಾಲು ವಾಲ್ವಿನದ್ದೇ. ಎದೆ ತೆರೆದು ಮಾಡುವುದು ಅದಕ್ಕಿಂತ ಎಷ್ಟೋ ಕಡಿಮೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತೆರೆದ ವಾಲ್ವ್ ಸರ್ಜರಿ ಪಟ್ಟಿಯಲ್ಲಿದೆ. ಟಾವಿಗೆ ಎಷ್ಟು ಸಿಗುತ್ತದೆ ಅನ್ನುವುದನ್ನು ದಾಖಲಾಗುವ ಮೊದಲೇ ಆ ಆಸ್ಪತ್ರೆಯ ಆರೋಗ್ಯಮಿತ್ರರ (ಯೋಜನೆಯ ಸಹಾಯಕರ) ಹತ್ತಿರ ಬರೆಸಿಕೊಳ್ಳಿ, ಬಾಯಿಮಾತು ಬೇಡ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಜಯದೇವ ಬೆಂಗಳೂರಲ್ಲೂ ಇದೆ, ಮೈಸೂರಲ್ಲೂ ಇದೆ. ಹಾಸನದಿಂದ ಮೈಸೂರು ಹತ್ತಿರ. ಮೂಡಿಗೆರೆಯವರಿಗೆ ಕೊಟ್ಟಿಗೆಹಾರ ಇಳಿದು ಮಂಗಳೂರು ಹತ್ತಿರವೇ, ಆದರೆ ಜುಲೈ-ಆಗಸ್ಟಿನಲ್ಲಿ ಚಾರ್ಮಾಡಿ ಗುಡ್ಡ ಕುಸಿದರೆ ಎಲ್ಲ ಲೆಕ್ಕವೂ ತಲೆಕೆಳಗು. ಮಳೆಗಾಲದಲ್ಲಾದರೆ ಬಯಲುಸೀಮೆ ಕಡೆಯ ಆಸ್ಪತ್ರೆ ಹಿಡಿಯಿರಿ, ಯಾಕೆಂದರೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಮೂಡಿಗೆರೆ ಕ್ಲಿನಿಕ್

ಎಲ್ಲರಿಗೂ ಧನ್ಯವಾದ. ಫೆರಿಟಿನ್ 11, ಎಂಸಿವಿ 70, ಮಲದಲ್ಲಿ ರಕ್ತ ಇದೆ. ಕೊಲೊನೋಸ್ಕೋಪಿ ದಾಖಲು ಮಾಡಿಸಿಯೇ ಆಯಿತು: ಗೆಡ್ಡೆ ಇಲ್ಲ, ಬಲಭಾಗದ ಕರುಳಿನಲ್ಲಿ ಮೂರು ಕಡೆ ಕೆಂಪು ನಾಳಗಳ ಗೊಂಚಲು. ಕಬ್ಬಿಣದ ಡ್ರಿಪ್ ಕೊಟ್ಟಾಗಿದೆ.

ಸಿಟಿ: ಮೂರು ಎಸಳಿನ ವಾಲ್ವ್. ವಾಲ್ವಿನ ಬುಡದ ವಿಸ್ತೀರ್ಣ 410 ಚದರ ಮಿ.ಮೀ. ಏರುಮುಖ ಮಹಾಪಧಮನಿಯ ಮುಂದಿನ ಗೋಡೆಯಲ್ಲಿ ಹರಡಿದ ಸುಣ್ಣ. ಎಡ ಕರೊನರಿ ಬಾಯಿ 11.5 ಮಿ.ಮೀ. ಎತ್ತರದಲ್ಲಿ, ಬಲದ್ದು 14. ತೊಡೆಯ ನಾಳ ಬಲ 6.2, ಎಡ 5.8 ಮಿ.ಮೀ. ಈಗ ತಲೆನೋವು ಬೇರೆ ಬಂದಿದೆ: ಬಲ ಶ್ವಾಸಕೋಶದ ಕೆಳಭಾಗದಲ್ಲಿ 7 ಮಿ.ಮೀ. ಗಂಟು. ಮನೆಯವರು "ಕ್ಯಾನ್ಸರ್ ಮತ್ತೆ ಬಂತು, ಇನ್ನೇನೂ ಬೇಡ" ಅಂತ ಕೂತಿದ್ದಾರೆ.

ಎಕೋ ಕೋಣೆ

ಟಾವಿ ಮುಂಚಿನ ಸಿಟಿಯಲ್ಲಿ ಈ ಥರದ ಗಂಟು ಕಾಣುವುದು ಅಪರೂಪವಲ್ಲ, ಕುತ್ತಿಗೆಯಿಂದ ತೊಡೆಯವರೆಗೆ ತೆಗೆದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನಮ್ಮಲ್ಲಿ ಹಳೆಯ ಕ್ಷಯದ ಕಲೆಯೂ ಹೀಗೆಯೇ ಇರುತ್ತದೆ. ಅದರೊಳಗೆ ಪೂರ್ತಿ ಸುಣ್ಣ ಇದೆಯೇ ಅಂತ ರೇಡಿಯಾಲಜಿಯವರನ್ನು ಕೇಳಿ, ಇದ್ದರೆ ಅಲ್ಲಿಗೆ ಮುಗಿಯಿತು. ಹಳೆಯ ಎದೆ ಸಿಟಿ ಇದ್ದರೆ ಹೋಲಿಸಿ. ಸಾಮಾನ್ಯರಿಗೆ ಹೇಳುವ ಫ್ಲೈಷ್ನರ್ ಕಾಲಾವಧಿ (ಶ್ವಾಸಕೋಶದ ಗಂಟನ್ನು ಮತ್ತೆ ಯಾವಾಗ ನೋಡಬೇಕೆಂಬ ಸೂಚಿ) ಕ್ಯಾನ್ಸರ್ ಇತಿಹಾಸ ಇರುವವರಿಗೆ ಅನ್ವಯಿಸುವುದಿಲ್ಲ, ಮೂರು ತಿಂಗಳಿಗೆ ಸಿಟಿ ಮತ್ತೆ ಮಾಡಿಸಿ. ಪೆಟ್ ಸ್ಕ್ಯಾನಿಗೆ ಓಡಬೇಡಿ, 8 ಮಿ.ಮೀ.ಗಿಂತ ಚಿಕ್ಕ ಗಂಟನ್ನು ಅದು ನಂಬಿಕೆಯಿಂದ ಹೇಳದು. ಸೂಜಿ ಹಾಕಿ ತುಣುಕು ತೆಗೆಯುವುದು ಈ ವಾಲ್ವ್ ಇಟ್ಟುಕೊಂಡು ಬೇಡ.

ಮುಖ್ಯವಾದದ್ದು, ಆ ಮೂರು ತಿಂಗಳು ವಾಲ್ವನ್ನು ಕಾಯಿಸಬೇಡಿ. ಗಂಟು ಕೆಟ್ಟದ್ದೇ ಆಗಿದ್ದರೂ ಅದರ ಆಪರೇಷನ್, ಕೀಮೋ ತಡೆದುಕೊಳ್ಳಲು ಮೊದಲು ಈ ವಾಲ್ವ್ ತೆರೆಯಬೇಕು. ಬರೀ ಬಲೂನ್ ಊದಿ ಬಿಡುವುದೂ ಇದೆ, ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚುತ್ತದೆ.

ಉಳಿದ ಅಳತೆಗಳೆಲ್ಲ ಟಾವಿಗೆ ಒಪ್ಪುತ್ತವೆ. ಮುಂದಿನ ಗೋಡೆಯ ಸುಣ್ಣ ನೋಡಿದ ಮೇಲೆ ಹೇಮಾವತಿಯವರೂ ಒಪ್ಪುತ್ತಾರೆ ಅಂದುಕೊಂಡಿದ್ದೇನೆ. 410 ಅಂದರೆ ಬಲೂನಿನಿಂದ ಅರಳುವ ವಾಲ್ವಿನಲ್ಲಿ 23ರ ಅಳತೆ. ವಾಪಿಯ ಮೆರಿಲ್ ತಯಾರಿಸುವ ಮೈವಾಲ್ ನಡುವಿನ ಅಳತೆಗಳಲ್ಲೂ ಬರುತ್ತದೆ. ಎಡ ಕರೊನರಿ 11.5 ಅನ್ನುವುದು ಗಡಿಯ ಹತ್ತಿರ, ಸೈನಸ್ (ವಾಲ್ವಿನ ಹತ್ತಿರ ಮಹಾಪಧಮನಿ ಉಬ್ಬಿರುವ ಜಾಗ) ಅಗಲ ಎಷ್ಟು ಅಂತ ಕೇಳಿ. ಅಲ್ಲಿ ಜಾಗ ಇದ್ದರೆ ಎಸಳು ಬಾಯಿ ಮುಚ್ಚದು. ಸಿಟಿಯ ಡೈಗೆ ಮುಂಚೆ ಮಾಡಿದ ಹಾಗೆ ಆಂಜಿಯೋಗ್ರಾಂಗೂ ನೋವಿನ ಮಾತ್ರೆ ನಿಲ್ಲಿಸಿ, ಎರಡರ ನಡುವೆ ಕೆಲವು ದಿನ ಬಿಟ್ಟು ಕ್ರಿಯಾಟಿನಿನ್ ನೋಡಿಕೊಳ್ಳಿ. ಆಂಜಿಯೋಗ್ರಾಂ ಬಲಗೈಯಿಂದ, ರಕ್ತನಾಳಗಳ ಬಾಯಿಯನ್ನು ಬಿಡಿಯಾಗಿ ನೋಡಲಿ.

ಹೇಮಾವತಿ ದಂಡೆ

ಒಪ್ಪಿದೆ, ಆ ಮಹಾಪಧಮನಿಗೆ ಕ್ಲ್ಯಾಂಪ್ ಹಾಕುವುದು ಬೇಡ. ಕರುಳಿನ ಗೊಂಚಲು ಹೈಡ್ ಸಿಂಡ್ರೋಮ್ ಕಡೆಗೇ ಬೆರಳು ಮಾಡುತ್ತಿದೆ.

ಬಲ ಬಂಡಲ್ ಬ್ಲಾಕ್ ಮರೆಯಬೇಡಿ. ಟಾವಿ ಆದ ಮೇಲೆ ಪೇಸ್‌ಮೇಕರ್ ಬೇಕಾಗುವವರಲ್ಲಿ ಇವರೇ ಮುಂದಿನ ಸಾಲಿನವರು, ಮನೆಯವರಿಗೆ ಮೊದಲೇ ಹೇಳಿ, ಆಮೇಲೆ ಹೇಳಿದರೆ ಆಸ್ಪತ್ರೆಯವರು ತಪ್ಪು ಮಾಡಿ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಪೇಸ್‌ಮೇಕರ್ ಬಂದರೆ ಬಲ ಭುಜದ ಕೆಳಗೆ, ಕರೆಂಟ್ ಬಿದ್ದ ಎಡಭಾಗದಲ್ಲಲ್ಲ. ಬ್ಲಾಕ್ ಕೆಲವೊಮ್ಮೆ ಎರಡು ಮೂರು ದಿನದ ಮೇಲೂ ಬರುತ್ತದೆ. ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಬರದೆ ಒಂದು ವಾರ ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಇರಲಿ. ಊರಿಗೆ ಬಂದ ಮೇಲೆ ನಿಮ್ಮಲ್ಲಿ ವಾರಕ್ಕೊಂದು ಇಸಿಜಿ, ನಾಲ್ಕು ವಾರ.

ಮುಂದೆ ಎಂದಾದರೂ 38 ಡಿಗ್ರಿ ಮೇಲೆ ಜ್ವರ ಬಂದರೆ ಆಂಟಿಬಯಾಟಿಕ್ ಬರೆಯುವ ಮೊದಲು ಮೂರು ಕಡೆಯಿಂದ ರಕ್ತದ ಕಲ್ಚರ್ ತೆಗೆಯಿರಿ. ಮೂಡಿಗೆರೆಯಲ್ಲಿ ಬಾಟಲಿ ಇಲ್ಲದಿದ್ದರೆ ಚಿಕ್ಕಮಗಳೂರಿನಿಂದ ತರಿಸಿ ಈಗಲೇ ಇಟ್ಟುಕೊಳ್ಳಿ, ಅವಧಿ ದಿನಾಂಕ ನೋಡಿ.

ಮೂಡಿಗೆರೆ ಕ್ಲಿನಿಕ್

ಗಂಟಿನಲ್ಲಿ ಪೂರ್ತಿ ಸುಣ್ಣ ಇದೆಯಂತೆ, ರೇಡಿಯಾಲಜಿಯವರು ಈಗ ಫೋನ್ ಮಾಡಿದರು. ಸೈನಸ್ ಅಗಲ 31. ರೆಫರಲ್ ಬರೆದಾಯಿತು, ಸಾರ್ಬಿಟ್ರೇಟ್ ಬೇಡ ಅನ್ನುವುದನ್ನು ಕೆಂಪು ಇಂಕಿನಲ್ಲಿ. ಕೀಮೋ ಚೀಟಿ ಟ್ರಂಕಿನಲ್ಲಿ ಸಿಕ್ಕಿಲ್ಲ, ಕರೆಂಟ್ ಕೊಟ್ಟ ಕಾರ್ಡ್ ಮಾತ್ರ ಸಿಕ್ಕಿದೆ: 25 ಸಲ, 50 ಗ್ರೇ.